ಬೋರ್ ಹೊಡೆಸಿದ್ರೆ ಬರಗಾಲ ಮುಗೀತು ಅಂದಿದ್ರು!

ತಂತ್ರಜ್ಞಾನದ ಬಗ್ಗೆ ನುಡಿದ ಭವಿಷ್ಯ ಹೇಗೆ ಸುಳ್ಳಾಗುತ್ತೆ ಅಂತ ನೋಡೋಕೆ ಅಮೆರಿಕಕ್ಕೆ ಹೋಗಬೇಕಿಲ್ಲ ವೀಕ್ಷಕರೇ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟಕ್ಕೋ, ಚಿಂತಾಮಣಿಯ ಟೊಮೆಟೊ ಹೊಲಕ್ಕೋ ಹೋಗಿ ಬನ್ನಿ. ನೀರಿರೋ ಒಂದು ಬೋರ್‌ವೆಲ್ ಪಕ್ಕದಲ್ಲೇ ಬತ್ತಿಹೋದ ಮೂರ್ನಾಲ್ಕು ಕಾಣಿಸ್ತವೆ.

ಹಿಂದೆ ಈ ಸೀಮೆಗೆ ಕೆರೆ ಮತ್ತು ಕಪಿಲೆ ಬಾವಿಗಳೇ ಆಧಾರ. ಕೆಳಗಿರೋದು ಗಟ್ಟಿ ಬಂಡೆ, ಅದನ್ನು ಕೊರೆಯೋಕೆ ವಾರಗಟ್ಟಲೆ ಬೇಕಿತ್ತು. 1967ರ ಸುಮಾರಿಗೆ, ಬರದ ಹೊತ್ತಿನಲ್ಲಿ, ಗಾಳಿಯ ಒತ್ತಡದಿಂದ ಬಂಡೆ ಕೊರೆಯುವ ರಿಗ್‌ಗಳನ್ನು ಯುನಿಸೆಫ್ ಭಾರತಕ್ಕೆ ತಂತು. ವಾರಗಳ ಕೆಲಸ ಗಂಟೆಗಳಿಗೆ ಇಳೀತು. ಸಬ್‌ಮರ್ಸಿಬಲ್ ಮೋಟರ್ ಬಂತು. 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ಕರೆಂಟೂ ಬಂತು. ಇನ್ನು ಮಳೆರಾಯನ ಹಂಗಿಲ್ಲ ಅಂದ್ಕೊಂಡ್ವಿ.

ತಪ್ಪಿದ್ದೆಲ್ಲಿ? ಯಂತ್ರ ಕೈಕೊಡಲಿಲ್ಲ, ಲೆಕ್ಕ ಕೈಕೊಟ್ಟಿತು. ಬಂಡೆಯೊಳಗೆ ನೀರಿನ ಕೊಳ ಇರಲ್ಲ. ನೀರು ನಿಲ್ಲೋದು ಮೇಲಿನ ಸಡಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಅದನ್ನು ತುಂಬಬೇಕಾದದ್ದು ಮಳೆ ಮತ್ತು ಕೆರೆ. ಇಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೋರ್ ಇದೆಯಲ್ಲ ಅಂತ ಕೆರೆಗಳಲ್ಲಿ ಹೂಳು ತುಂಬೋಕೆ ಬಿಟ್ವಿ. ತೆಗೆಯೋ ವೇಗ ಹೆಚ್ಚಿತು, ತುಂಬೋ ದಾರಿ ಮುಚ್ಚಿತು. ಈಗ ಸಾವಿರ ಅಡಿ ದಾಟಿದರೂ ಬರೀ ಧೂಳು ಬರುವುದುಂಟು. ಗೌರಿಬಿದನೂರು, ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ನಾಲ್ಕೂ ತಾಲ್ಲೂಕುಗಳು ಅಂತರ್ಜಲದ ಅತಿಬಳಕೆ ಪಟ್ಟಿಗೆ ಸೇರಿವೆ. ಜಿಲ್ಲೆಯ ಎಷ್ಟೋ ಹಳ್ಳಿಗಳ ಕೊಳವೆ ಬಾವಿ ನೀರಲ್ಲಿ ಫ್ಲೋರೈಡ್. ಅದು ಮಿತಿ ಮೀರಿದರೆ ಮಕ್ಕಳ ಹಲ್ಲು, ದೊಡ್ಡವರ ಮೂಳೆ ಹಾಳಾಗುತ್ತೆ.

ಈಗ ಹೊಸ ಭವಿಷ್ಯವಾಣಿ: ಎತ್ತಿನಹೊಳೆ ಬಂದ್ರೆ ಎಲ್ಲಾ ಸರಿಹೋಗುತ್ತೆ! 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲೇ ಅಡಿಗಲ್ಲು ಹಾಕಿದ್ರು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಚಾಲನೆ ಸಿಕ್ತು. ನೀರು ಬರಲಿ, ಬೇಡ ಅನ್ನೋರು ಯಾರು? ಆದರೆ ಬೋರ್ ಲಾರಿ ಬಂದಾಗ ಕೇಳದೇ ಬಿಟ್ಟ ಪ್ರಶ್ನೆಯನ್ನು ಈ ಸಲವಾದ್ರೂ ಕೇಳೋಣ: ಬರೋದೆಷ್ಟು, ತೆಗೆಯೋದೆಷ್ಟು?

ಭವಿಷ್ಯ ಹೇಳಿದವರು ಯಾರೂ ನಷ್ಟ ಕಟ್ಟಿಕೊಡಲ್ಲ ಸ್ವಾಮಿ. ಫೇಲಾದ ಬೋರಿನ ಸಾಲ ಇರೋದು ರೈತನ ಹೆಸರಲ್ಲೇ.