ಅಂಕಪಟ್ಟಿಯ ಗಣಿತ: ಗಣಕದ ಕಾರು ಪಂದ್ಯಗಳಲ್ಲಿ ಗೆದ್ದವರಾರು?

ಕಾರುಗಳ ಪಂದ್ಯವೊಂದರಲ್ಲಿ ಗೆದ್ದವರಾರೆಂಬುದನ್ನು ತಿಳಿಯಲು ಹೆಚ್ಚಿನ ಲೆಕ್ಕಾಚಾರವೇನೂ ಬೇಕಾಗಿಲ್ಲ. ಕೊನೆಯ ಗೆರೆಯನ್ನು ಯಾರು ಮೊದಲು ದಾಟಿದರೋ ಅವರೇ ಗೆದ್ದರು; ನೋಡುವವರಿಗೆಲ್ಲ ಅದು ಕಣ್ಣೆದುರಿನ ಸಂಗತಿ. ಆದರೆ ಹತ್ತು ಹದಿನೈದು ಪಂದ್ಯಗಳು ವರ್ಷವಿಡೀ ನಡೆದು, ಅವೆಲ್ಲವುಗಳ ಸಾಧನೆಯನ್ನು ಒಟ್ಟುಗೂಡಿಸಿ ಒಬ್ಬರನ್ನು ಚಾಂಪಿಯನ್ ಎಂದು ಸಾರಬೇಕಾದಾಗ ಸಂಗತಿ ಬೇರೆಯಾಗುವುದು. ಆಗ ತೀರ್ಮಾನವಾಗುವುದು ಓಟದ ದಾರಿಯ ಮೇಲಲ್ಲ, ಕಾಗದದ ಮೇಲೆ. ಆ ಕಾಗದವೇ ಅಂಕಪಟ್ಟಿ.

ಇದರ ಮಹತ್ವವನ್ನು ತಿಳಿಯಲು 1988ನೆಯ ಇಸವಿಯ ಫಾರ್ಮುಲಾ ಒನ್ ಜಾಗತಿಕ ಸ್ಪರ್ಧೆಯನ್ನು ನೋಡೋಣ. ಆ ವರ್ಷ 16 ಪಂದ್ಯಗಳು ನಡೆದವು. ಫ್ರಾನ್ಸಿನ ಅಲೇನ್ ಪ್ರಾಸ್ಟ್ ಒಟ್ಟು 105 ಅಂಕಗಳನ್ನು ಗಳಿಸಿದನು. ಬ್ರೆಜಿಲಿನ ಐರ್ಟನ್ ಸೆನ್ನಾ ಗಳಿಸಿದುದು 94. ಆದರೂ ಚಾಂಪಿಯನ್ ಆದವನು ಸೆನ್ನಾ! ಇದರಲ್ಲಿ ಅನ್ಯಾಯವೇನೂ ನಡೆಯಲಿಲ್ಲ. ಪ್ರತಿಯೊಬ್ಬ ಚಾಲಕನ ಅತ್ಯುತ್ತಮವಾದ 11 ಫಲಿತಾಂಶಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯತಕ್ಕದ್ದೆಂದು ನಿಯಮವಿದ್ದಿತು. ಹಾಗೆ ಎಣಿಸಿದಾಗ ಸೆನ್ನಾನಿಗೆ 90 ಅಂಕಗಳೂ ಪ್ರಾಸ್ಟನಿಗೆ 87 ಅಂಕಗಳೂ ದೊರೆತವು. ಓಡಿದ ಓಟ ಒಂದೇ. ಕೂಡಿಸುವ ಕ್ರಮ ಬೇರೆಯಾದರೆ ಕಿರೀಟ ಧರಿಸುವ ತಲೆಯೂ ಬೇರೆ.

ಮನೆಯೊಳಗಣ ಓಟ

ಇಂದು ಇಂಥ ಅಂಕಪಟ್ಟಿಗಳು ದೊಡ್ಡ ಸಂಸ್ಥೆಗಳ ಕಚೇರಿಗಳಲ್ಲಷ್ಟೇ ಸಿದ್ಧವಾಗುವುದಿಲ್ಲ. ಮನೆಯ ಮೇಜಿನ ಮುಂದೆ ಚಕ್ರವನ್ನೂ ಪೆಡಲುಗಳನ್ನೂ ಜೋಡಿಸಿಕೊಂಡು, ಗಣಕದ ತೆರೆಯ ಮೇಲೆ ಕಾರು ಓಡಿಸುವ 'ಸಿಮ್ ರೇಸಿಂಗ್' ಎಂಬ ಕ್ರೀಡೆ ಜಗತ್ತಿನ ಅನೇಕ ದೇಶಗಳಲ್ಲಿ ಹಬ್ಬಿದೆ. ಟೈರಿನ ಹಿಡಿತ, ಕಾರಿನ ತೂಕ, ಗಾಳಿಯ ಒತ್ತಡ ಮೊದಲಾದುವನ್ನು ಗಣಕವು ಭೌತಶಾಸ್ತ್ರದ ಸೂತ್ರಗಳಿಂದ ಕ್ಷಣಕ್ಷಣಕ್ಕೂ ಲೆಕ್ಕ ಹಾಕುತ್ತಿರುತ್ತದೆ. ದೂರದೂರದ ಊರುಗಳಲ್ಲಿರುವವರು ಅಂತರಜಾಲದ ಮೂಲಕ ಒಂದೇ ದಾರಿಯಲ್ಲಿ ಸ್ಪರ್ಧಿಸುತ್ತಾರೆ. ಇಂಥವರು ಸೇರಿ ಕಟ್ಟಿಕೊಳ್ಳುವ ಕೂಟಕ್ಕೆ ಲೀಗ್ ಎಂದು ಹೆಸರು. ಲೀಗಿನ ಲೆಕ್ಕವನ್ನು ಇಡುವವರು ಸಾಮಾನ್ಯವಾಗಿ ಸಂಬಳವಿಲ್ಲದೆ ದುಡಿಯುವ ಸದಸ್ಯರೇ. ಅವರ ಲೆಕ್ಕದಲ್ಲಿ ಒಂದು ಅಂಕ ತಪ್ಪಿದರೂ ತಿಂಗಳುಗಟ್ಟಲೆ ಅಭ್ಯಾಸ ಮಾಡಿದವರ ಶ್ರಮ ವ್ಯರ್ಥವಾಗುವುದು. ಕೂಟದ ವಿಶ್ವಾಸವೂ ಮುರಿಯುವುದು. ಈ ಭಾರವನ್ನು ತಂತ್ರಾಂಶಕ್ಕೆ ವಹಿಸುವ ಬಗೆ ಹೇಗೆಂಬುದೇ ಈ ಲೇಖನದ ವಿಷಯ.

ಪಂದ್ಯವನ್ನು ನಡೆಸುವ ಗಣಕಕ್ಕೆ ಸರ್ವರ್ ಎನ್ನುವರು. ಓಟ ಮುಗಿದೊಡನೆ ಅದು ಫಲಿತಾಂಶವನ್ನು ಒಂದು ಕಡತದಲ್ಲಿ ಬರೆದಿಡುತ್ತದೆ. 'ಆರ್‌ಫ್ಯಾಕ್ಟರ್ 2' ಎಂಬುದು ಇದನ್ನು ಎಕ್ಸ್‌ಎಂಎಲ್ ರೂಪದಲ್ಲಿಯೂ, 'ಅಸೆಟ್ಟೊ ಕೊರ್ಸಾ' ಎಂಬುದು ಜೆಸಾನ್ ರೂಪದಲ್ಲಿಯೂ ಬರೆಯುವುವು. ಎರಡೂ ಗಣಕವು ಸುಲಭವಾಗಿ ಓದಬಲ್ಲ ಬರವಣಿಗೆಯ ಕ್ರಮಗಳು. ಯಾರು ಎಷ್ಟು ಸುತ್ತು ಮುಗಿಸಿದರು, ಪ್ರತಿಯೊಂದು ಸುತ್ತಿಗೂ ಎಷ್ಟು ಕಾಲ ಹಿಡಿಯಿತು ಎಂಬುದೆಲ್ಲ ಅಲ್ಲಿರುತ್ತದೆ. ಆದರೆ ಅದನ್ನು ಓದುವಾಗಲೂ ಎಚ್ಚರ ಬೇಕು. ಕೆಲವು ಕಡತಗಳಲ್ಲಿ ಒಂದು ಸುತ್ತನ್ನೂ ಮುಗಿಸದವನ ಕಾಲವು 2,14,74,83,647 ಮಿಲಿಸೆಕೆಂಡು ಎಂದಿರುವುದುಂಟು. ಇದು ಸುಮಾರು 24 ದಿನ, 20 ಗಂಟೆ, 31 ನಿಮಿಷಗಳಾಗುವುದು! 32 ದ್ವಿಮಾನ ಅಂಕಿಗಳಲ್ಲಿ ಬರೆಯಬಹುದಾದ ಅತ್ಯಂತ ದೊಡ್ಡ ಚಿಹ್ನಾಸಹಿತ ಪೂರ್ಣಾಂಕವೇ ಅದು. 'ಕಾಲ ದಾಖಲಾಗಿಲ್ಲ' ಎಂಬುದಕ್ಕೆ ಗಣಕದ ಸಂಕೇತ. ಇದನ್ನು ಅರಿಯದ ತಂತ್ರಾಂಶವು ಸರಾಸರಿ ತೆಗೆದರೆ ಲೆಕ್ಕವೆಲ್ಲ ಕೆಡುವುದು.

ಅಂಕಗಳ ಕೋಷ್ಟಕ

ಮೊದಲನೆಯ ಕೆಲಸವೆಂದರೆ ಸ್ಥಾನವನ್ನು ಅಂಕವಾಗಿ ಬದಲಿಸುವುದು. 1950ರಲ್ಲಿ ಫಾರ್ಮುಲಾ ಒನ್ ಸ್ಪರ್ಧೆ ಆರಂಭವಾದಾಗ ಮೊದಲ ಐವರಿಗೆ ಕ್ರಮವಾಗಿ 8, 6, 4, 3, 2 ಅಂಕಗಳೂ, ಅತಿ ವೇಗದ ಸುತ್ತಿಗೆ 1 ಅಂಕವೂ ಇದ್ದಿತು. 2010ರಿಂದ ಮೊದಲ ಹತ್ತು ಮಂದಿಗೆ 25, 18, 15, 12, 10, 8, 6, 4, 2, 1 ಎಂದು ಕೊಡುತ್ತಾರೆ. ಅತಿ ವೇಗದ ಸುತ್ತಿನ ಅಂಕವು 1959ರ ತರುವಾಯ ನಿಂತು, 2019ರಲ್ಲಿ ಮರಳಿ ಬಂದು, 2024ರ ಕೊನೆಗೆ ಮತ್ತೆ ಹೋಯಿತು. 2014ರ ಕೊನೆಯ ಪಂದ್ಯಕ್ಕೆ ಇಮ್ಮಡಿ ಅಂಕಗಳಿದ್ದವು. ನಿಯಮಗಳು ಹೀಗೆ ಬದಲಾಗುತ್ತಲೇ ಇರುವುದರಿಂದ ಅಂಕಗಳನ್ನು ತಂತ್ರಾಂಶದ ಒಡಲೊಳಗೆ ಬರೆದುಬಿಡಬಾರದು; ಪ್ರತ್ಯೇಕವಾದ ಕೋಷ್ಟಕವೊಂದರಲ್ಲಿ ಇರಿಸಿ, ಪ್ರತಿಯೊಂದು ಪಂದ್ಯಕ್ಕೂ ತಕ್ಕ ಕೋಷ್ಟಕವನ್ನು ನೋಡುವಂತೆ ಮಾಡಬೇಕು.

ಕೈಬಿಡುವ ಫಲಿತಾಂಶಗಳು

ಕೆಲವು ಫಲಿತಾಂಶಗಳನ್ನು ಕೈಬಿಡುವ ನಿಯಮಕ್ಕೆ ಕಾರಣವಿದೆ. ಯಂತ್ರ ಕೆಟ್ಟು ಓಟ ನಿಂತರೆ ಅದು ಚಾಲಕನ ದೋಷವಲ್ಲ. ಸಿಮ್ ಲೀಗಿನಲ್ಲಿಯೂ ಅಷ್ಟೇ: ವಿದ್ಯುತ್ತು ಹೋಗಬಹುದು, ಅಂತರಜಾಲದ ಸಂಪರ್ಕ ಕಡಿಯಬಹುದು, ವಿದ್ಯಾರ್ಥಿಗೆ ಮರುದಿನವೇ ಪರೀಕ್ಷೆ ಇರಬಹುದು. ಆದುದರಿಂದ ಎಷ್ಟೋ ಲೀಗುಗಳು ಒಂದೆರಡು ಕನಿಷ್ಠ ಫಲಿತಾಂಶಗಳನ್ನು ಬಿಟ್ಟು ಎಣಿಸುತ್ತವೆ.

ತಂತ್ರಾಂಶಕ್ಕೆ ಇದು ಸುಲಭ. ಚಾಲಕನ ಅಂಕಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಮೇಲಿನ ನಿಯತ ಸಂಖ್ಯೆಯವನ್ನು ಮಾತ್ರ ಕೂಡಿದರಾಯಿತು. 1988ರಲ್ಲಿ ಮೊದಲ ಸ್ಥಾನಕ್ಕೆ 9, ಎರಡನೆಯದಕ್ಕೆ 6 ಅಂಕ. ಪ್ರಾಸ್ಟನು ಏಳು ಬಾರಿ ಮೊದಲಿಗನಾಗಿಯೂ ಏಳು ಬಾರಿ ಎರಡನೆಯವನಾಗಿಯೂ ಬಂದಿದ್ದನು. ಅವನ ಅತ್ಯುತ್ತಮ 11 ಫಲಿತಾಂಶಗಳೆಂದರೆ ಏಳು ಒಂಬತ್ತುಗಳು, ನಾಲ್ಕು ಆರುಗಳು; 63ಕ್ಕೆ 24 ಕೂಡಿದರೆ 87. ಮಿಕ್ಕ ಮೂರು ಎರಡನೆಯ ಸ್ಥಾನಗಳ 18 ಅಂಕಗಳು ಬಿದ್ದುಹೋದವು. ಸೆನ್ನಾನಿಗೆ ಎಂಟು ಗೆಲುವುಗಳು, ಮೂರು ಎರಡನೆಯ ಸ್ಥಾನಗಳು: 72ಕ್ಕೆ 18 ಕೂಡಿ 90. ಅವನು ಕಳೆದುಕೊಂಡುದು ಕೇವಲ 4 ಅಂಕಗಳು. ಆ ನಿಯಮವು ಹೆಚ್ಚು ಬಾರಿ ಗೆದ್ದವನಿಗೆ ಒಲಿಯಿತು. ಎಡೆಬಿಡದೆ ಮುಂದಿನ ಸಾಲಿನಲ್ಲಿದ್ದವನಿಗೆ ಒಲಿಯಲಿಲ್ಲ. 1991ರಿಂದ ಫಾರ್ಮುಲಾ ಒನ್ನಿನಲ್ಲಿ ಎಲ್ಲ ಫಲಿತಾಂಶಗಳನ್ನೂ ಎಣಿಸುವ ಕ್ರಮ ಬಂದಿತು.

ಅಂಕಗಳು ಸಮವಾದರೆ?

2007ರಲ್ಲಿ ಕಿಮಿ ರೈಕೊನೆನ್ 110 ಅಂಕಗಳಿಂದ ಚಾಂಪಿಯನ್ ಆದನು. ಲೂಯಿಸ್ ಹ್ಯಾಮಿಲ್ಟನ್, ಫರ್ನಾಂಡೊ ಅಲಾನ್ಸೊ ಇಬ್ಬರಿಗೂ 109. ಇವರಲ್ಲಿ ಎರಡನೆಯವನಾರು? ಯಾರು ಹೆಚ್ಚು ಪಂದ್ಯಗಳನ್ನು ಗೆದ್ದರೆಂದು ನೋಡಬೇಕು; ಇಬ್ಬರದೂ ನಾಲ್ಕು. ಹಾಗಾದರೆ ಎರಡನೆಯ ಸ್ಥಾನಗಳೆಷ್ಟು? ಹ್ಯಾಮಿಲ್ಟನ್ನನಿಗೆ ಐದು, ಅಲಾನ್ಸೊನಿಗೆ ನಾಲ್ಕು. ಹೀಗೆ ಹ್ಯಾಮಿಲ್ಟನ್ ಮೇಲಾದನು.

ನಿಘಂಟಿನಲ್ಲಿ ಪದಗಳನ್ನು ಜೋಡಿಸುವ ಕ್ರಮವೂ ಇದೇ ಅಲ್ಲವೇ? ಮೊದಲನೆಯ ಅಕ್ಷರ ಸಮವಾದರೆ ಎರಡನೆಯದನ್ನು, ಅದೂ ಸಮವಾದರೆ ಮೂರನೆಯದನ್ನು ನೋಡುತ್ತೇವೆ. ತಂತ್ರಾಂಶವು ಒಬ್ಬೊಬ್ಬ ಚಾಲಕನಿಗೂ ಅಂಕ, ಗೆಲುವು, ಎರಡನೆಯ ಸ್ಥಾನ, ಮೂರನೆಯ ಸ್ಥಾನ ಎಂದು ಸಂಖ್ಯೆಗಳ ಒಂದು ಸಾಲನ್ನು ಕಟ್ಟಿಕೊಳ್ಳುತ್ತದೆ. 109, 4, 5 ಎಂಬ ಸಾಲು 109, 4, 4 ಎಂಬುದಕ್ಕಿಂತ ದೊಡ್ಡದು. ನಿಘಂಟಿನ ಈ ಕ್ರಮವೊಂದರಿಂದಲೇ ತೊಡಕು ಬಿಡುವುದು.

ಏಳರಲ್ಲಿ ಒಂದು ಪಾಲು

ಅಂಕಗಳು ಯಾವಾಗಲೂ ಪೂರ್ಣಸಂಖ್ಯೆಗಳೇ ಆಗಿರುವುವೆಂದು ನಂಬುವಂತಿಲ್ಲ. 1984ರ ಮೊನಾಕೊ ಪಂದ್ಯ ಮಳೆಯಿಂದ ಅರ್ಧಕ್ಕೇ ನಿಂತುದರಿಂದ ಅರ್ಧ ಅಂಕಗಳನ್ನು ಕೊಟ್ಟರು. ಆ ವರ್ಷ ನಿಕಿ ಲೌಡಾ 72, ಪ್ರಾಸ್ಟ್ 71.5 ಅಂಕ ಪಡೆದು, ಅರ್ಧ ಅಂಕದಲ್ಲಿ ಚಾಂಪಿಯನ್ ಪದವಿ ನಿರ್ಧಾರವಾಯಿತು. ಇದಕ್ಕಿಂತಲೂ ಸೋಜಿಗದ ಸಂಗತಿ 1954ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ನಡೆಯಿತು. ಸುತ್ತಿನ ಕಾಲವನ್ನು ಅಂದು ಇಡೀ ಸೆಕೆಂಡುಗಳಲ್ಲಿ ಮಾತ್ರ ಅಳೆದುದರಿಂದ ಏಳು ಮಂದಿ ಚಾಲಕರು 1 ನಿಮಿಷ 50 ಸೆಕೆಂಡುಗಳ ಅದೇ ವೇಗದ ಸುತ್ತನ್ನು ಓಡಿದಂತಾಯಿತು. ಒಂದು ಅಂಕವನ್ನು ಏಳು ಪಾಲು ಮಾಡಿ ಹಂಚಿದರು!

ಏಳರಲ್ಲಿ ಒಂದನ್ನು ದಶಮಾಂಶದಲ್ಲಿ ಬರೆದರೆ 0.142857142857... ಎಂದು ಕೊನೆಯಿಲ್ಲದೆ ಸಾಗುವುದು. ಗಣಕದ ದ್ವಿಮಾನ ಪದ್ಧತಿಯಲ್ಲಿಯೂ ಅದಕ್ಕೆ ಕೊನೆಯಿಲ್ಲ. 0.14 ಎಂದು ಮೊಟಕುಗೊಳಿಸಿ ಏಳು ಪಾಲುಗಳನ್ನು ಮರಳಿ ಕೂಡಿದರೆ 0.98 ಬರುವುದೇ ಹೊರತು 1 ಬರುವುದಿಲ್ಲ. ಉಪಾಯವೇನೆಂದರೆ, ಅಳತೆಯ ಮಾನವನ್ನೇ ಚಿಕ್ಕದು ಮಾಡುವುದು. ರೂಪಾಯಿಯ ಲೆಕ್ಕವನ್ನು ಪೈಸೆಗಳಲ್ಲಿ ಇಡುವಂತೆ, ಒಂದು ಅಂಕಕ್ಕೆ 14 ಕಿರು ಅಂಕಗಳೆಂದು ಇಟ್ಟುಕೊಳ್ಳೋಣ. ಆಗ ಅರ್ಧ ಅಂಕವೆಂದರೆ 7, ಏಳರಲ್ಲಿ ಒಂದೆಂದರೆ 2, ಅಂದಿನ ಗೆಲುವೆಂದರೆ 112. ಆ ವರ್ಷ ಹುವಾನ್ ಮ್ಯಾನುಯೆಲ್ ಫಾಂಜಿಯೊ ಗಳಿಸಿದ ಒಟ್ಟು 57 ಪೂರ್ಣಾಂಕ ಏಳರಲ್ಲಿ ಒಂದು ಅಂಕಗಳು ಸರಿಯಾಗಿ 800 ಕಿರು ಅಂಕಗಳಾಗುವುವು. ಭಿನ್ನರಾಶಿಯ ಕಾಟವೇ ಇಲ್ಲ.

ಹೆಸರು ಬೇರೆ, ಗುರುತು ಬೇರೆ

ಗಣಕದ ಆಟಗಳಲ್ಲಿ ಚಾಲಕನು ತನ್ನ ಹೆಸರನ್ನು ಇಷ್ಟಬಂದಂತೆ ಬದಲಿಸಿಕೊಳ್ಳಬಲ್ಲನು. ಹೆಸರನ್ನು ನಂಬಿ ಲೆಕ್ಕವಿಟ್ಟರೆ ಒಬ್ಬನೇ ಚಾಲಕನು ಪಟ್ಟಿಯಲ್ಲಿ ಇಬ್ಬರಾಗಿ ಕಾಣಿಸುವನು. ಆದುದರಿಂದ ಬದಲಾಗದ ಗುರುತಿನ ಸಂಖ್ಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. 'ಸ್ಟೀಮ್' ಎಂಬ ಆಟಗಳ ಭಂಡಾರವು ಪ್ರತಿಯೊಂದು ಖಾತೆಗೂ 17 ಅಂಕಿಗಳ ಸಂಖ್ಯೆಯೊಂದನ್ನು ಕೊಡುತ್ತದೆ. ಇಲ್ಲಿಯೂ ಒಂದು ಹೊಂಡವಿದೆ. ಲೆಕ್ಕಕ್ಕೆಂದು ನಾವು ಬಳಸುವ ಎಕ್ಸೆಲ್ 15 ಅಂಕಿಗಳಷ್ಟನ್ನೇ ನಿಖರವಾಗಿ ಇಟ್ಟುಕೊಳ್ಳುವುದು. ಗುರುತನ್ನು ಅದರಲ್ಲಿ ಸಂಖ್ಯೆಯೆಂದು ತುಂಬಿದರೆ ಕೊನೆಯ ಎರಡು ಅಂಕಿಗಳು ಸದ್ದಿಲ್ಲದೆ ಸೊನ್ನೆಗಳಾಗುವುವು. ಒಬ್ಬನ ಅಂಕ ಮತ್ತೊಬ್ಬನಿಗೆ ಸೇರಲೂಬಹುದು. ಗುರುತಿನ ಸಂಖ್ಯೆಯನ್ನು ಕೂಡುವುದೂ ಇಲ್ಲ, ಗುಣಿಸುವುದೂ ಇಲ್ಲ. ಆದುದರಿಂದ ಅದನ್ನು ಬರಹವೆಂದೇ ಭಾವಿಸಿ ಇಡುವುದು ಕ್ಷೇಮ.

ತಿದ್ದುವ ಬಗೆ

ಪಂದ್ಯ ಮುಗಿದ ಮೇಲೆ ದೂರುಗಳು ಬರುವುವು. ವಿಚಾರಣೆ ನಡೆದು ದಂಡನೆಯಾಗುವುದು. 2024ರ ಬೆಲ್ಜಿಯಂ ಪಂದ್ಯದಲ್ಲಿ ಮೊದಲು ಬಂದ ಜಾರ್ಜ್ ರಸೆಲ್ಲನ ಕಾರು ನಿಯಮಿತ ತೂಕಕ್ಕಿಂತ ಒಂದೂವರೆ ಕಿಲೋಗ್ರಾಂ ಕಡಮೆಯಿದ್ದುದರಿಂದ ಅವನು ಅನರ್ಹನಾದನು. ಹ್ಯಾಮಿಲ್ಟನ್ ಎರಡರಿಂದ ಒಂದಕ್ಕೆ ಏರಿದನು. ಅವನ ಹಿಂದಿದ್ದವರೆಲ್ಲರೂ ಒಂದೊಂದು ಮೆಟ್ಟಿಲು ಮೇಲೆ ಬಂದರು. ಇದಕ್ಕೆ ವಿರುದ್ಧವಾದ ನಿದರ್ಶನ 1997ರದು. ಹೆರೆಸ್ ಪಂದ್ಯದಲ್ಲಿ ಜಾಕ್ ವಿಲ್‌ನವ್‌ನ ಕಾರಿಗೆ ಡಿಕ್ಕಿ ಹೊಡೆದುದಕ್ಕಾಗಿ ಮೈಕೇಲ್ ಶೂಮಾಕರನನ್ನು ವರ್ಷದ ಪಟ್ಟಿಯಿಂದಲೇ ತೆಗೆದುಹಾಕಿದರು. ಆದರೆ ಅವನ ಪಂದ್ಯಗಳ ಫಲಿತಾಂಶಗಳನ್ನು ಮುಟ್ಟಲಿಲ್ಲ. ಆದ್ದರಿಂದ ಇತರರ ಅಂಕಗಳು ಇದ್ದಂತೆಯೇ ಉಳಿದವು. ಎರಡೂ ದಂಡನೆಗಳೇ, ಪರಿಣಾಮಗಳು ಬೇರೆಬೇರೆ.

ಇಂಥ ಸಂದರ್ಭದಲ್ಲಿ ಅಂಕಪಟ್ಟಿಯನ್ನೇ ಕೈಯಿಂದ ತಿದ್ದಹೊರಟರೆ ಹತ್ತು ಕಡೆ ತಿದ್ದಬೇಕು. ಒಂಬತ್ತು ಕಡೆ ತಿದ್ದಿ ಹತ್ತನೆಯದನ್ನು ಮರೆಯುವುದು ಮನುಷ್ಯಸಹಜ. ಆದುದರಿಂದ ಒಳ್ಳೆಯ ತಂತ್ರಾಂಶದ ಮೂಲಸೂತ್ರ ಇದು: ಸರ್ವರ್ ಬರೆದ ಮೂಲ ಕಡತವನ್ನು ಎಂದಿಗೂ ಅಳಿಸಬಾರದು, ದಂಡನೆಗಳನ್ನು ಕಾರಣಸಹಿತವಾಗಿ ಬೇರೊಂದು ಪುಸ್ತಕದಲ್ಲಿ ಬರೆಯಬೇಕು, ಅಂಕಪಟ್ಟಿಯನ್ನು ಇವೆರಡರಿಂದ ಪ್ರತಿಸಲವೂ ಹೊಸದಾಗಿ ಲೆಕ್ಕ ಹಾಕಿ ಪಡೆಯಬೇಕು. ಕ್ರಮವೂ ಮುಖ್ಯ. ಮೊದಲು ದಂಡನೆ, ಬಳಿಕ ಸ್ಥಾನ, ಬಳಿಕ ಅಂಕ, ಬಳಿಕ ಕೈಬಿಡುವಿಕೆ, ಬಳಿಕ ಮೊತ್ತ, ಕಡೆಗೆ ಸಮಾನರ ವಿಂಗಡಣೆ. ಯಾರಿಗಾದರೂ ಸಂದೇಹ ಬಂದರೆ ಪ್ರತಿಯೊಂದು ಅಂಕವೂ ಎಲ್ಲಿಂದ ಬಂದಿತೆಂಬುದನ್ನು ಹಿಂದಕ್ಕೆ ಹೋಗಿ ತೋರಿಸಬಹುದು.

ಯಂತ್ರವನ್ನು ಪರೀಕ್ಷಿಸುವುದು

ತಂತ್ರಾಂಶ ಸರಿಯಾಗಿದೆಯೆಂದು ನಂಬುವುದು ಹೇಗೆ? ಉತ್ತರ ಗೊತ್ತಿರುವ ಲೆಕ್ಕವನ್ನು ಅದಕ್ಕೆ ಒಡ್ಡಬೇಕು. 1950ರ ಏಳು ಪಂದ್ಯಗಳ ಫಲಿತಾಂಶಗಳನ್ನು ತುಂಬಿ, ಅತ್ಯುತ್ತಮ ನಾಲ್ಕನ್ನು ಎಣಿಸುವಂತೆ ವಿಧಿಸಿದರೆ ಜುಸೆಪ್ಪೆ ಫರೀನಾನಿಗೆ 30, ಫಾಂಜಿಯೊಗೆ 27, ಲುಯಿಜಿ ಫಜೋಲಿಗೆ 24 ಬರಬೇಕು. ಕೈಬಿಡುವ ನಿಯಮವನ್ನು ತೆಗೆದರೆ ಫಜೋಲಿ 28 ಅಂಕಗಳಿಂದ ಫಾಂಜಿಯೊಗಿಂತ ಮೇಲೇರಬೇಕು. ವಿದ್ಯಾರ್ಥಿಗಳು ಈ ಲೆಕ್ಕವನ್ನು ನೋಟುಪುಸ್ತಕದಲ್ಲಿಯೇ ಮಾಡಿ ನೋಡಬಹುದು. ಪ್ರೋಗ್ರಾಂ ಬರೆಯಲು ಕಲಿಯುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ದೊರೆಯುವುದು ಅಪರೂಪ.

ಒಂದು ಮಾತು ಮಾತ್ರ ನೆನಪಿನಲ್ಲಿರಬೇಕು. ಅನರ್ಹನಾದ ಪಂದ್ಯವನ್ನು 'ಕೈಬಿಡುವ' ಪಂದ್ಯವೆಂದು ಎಣಿಸಬಹುದೇ? ಕೈಬಿಟ್ಟ ಗೆಲುವನ್ನು ಸಮಾನರ ವಿಂಗಡಣೆಯಲ್ಲಿ ಲೆಕ್ಕಕ್ಕೆ ತರಬಹುದೇ? ಇಂಥ ಪ್ರಶ್ನೆಗಳಿಗೆ ಗಣಕದಲ್ಲಿ ಉತ್ತರವಿಲ್ಲ. ಅವು ನ್ಯಾಯದ ಪ್ರಶ್ನೆಗಳು. ಮೊದಲ ಪಂದ್ಯ ಆರಂಭವಾಗುವ ಮುನ್ನವೇ ಮನುಷ್ಯರು ಕುಳಿತು ಒಪ್ಪಿಕೊಂಡು ಬರೆದಿಡಬೇಕಾದುವು. ಪಟ್ಟಿಯಲ್ಲಿ ಯಾರ ಹೆಸರು ಎಲ್ಲಿದೆಯೆಂದು ತಿಳಿದ ಬಳಿಕ ಮಾಡುವ ನಿಯಮವು ನಿಯಮವಲ್ಲ, ಪಕ್ಷಪಾತ. 1988ರಲ್ಲಿ 105 ಅಂಕ ಗಳಿಸಿದವನು 94 ಗಳಿಸಿದವನಿಗೆ ಪದವಿಯನ್ನು ಬಿಟ್ಟುಕೊಡಬೇಕಾದಾಗ ಆ ತೀರ್ಪು ನಿಂತುದು, ನಿಯಮವು ಮೊದಲೇ ಎಲ್ಲರಿಗೂ ತಿಳಿದಿದ್ದುದರಿಂದ. ಎಣಿಸುವ ಶ್ರಮವನ್ನು ಯಂತ್ರಕ್ಕೆ ಬಿಡಬಹುದು. ಏನನ್ನು ಎಣಿಸಬೇಕೆಂಬ ಹೊಣೆ ನಮ್ಮದೇ.