ಕೊಬ್ಬರಿ ಅಟ್ಟಕ್ಕೆ ಕೇರೆ ಕಾವಲು

ತಿಪಟೂರು ಸೀಮೆಯ ಉಂಡೆ ಕೊಬ್ಬರಿಯ ಬಗ್ಗೆ ಬರೆಯಹೊರಟವರು ಸಾಮಾನ್ಯವಾಗಿ ಎಪಿಎಂಸಿ ಯಾರ್ಡಿಗೆ ಹೋಗಿ ಕ್ವಿಂಟಲ್‌ಗೆ ಎಷ್ಟಾಯಿತು ಎಂದು ಕೇಳುತ್ತಾರೆ. ಆದರೆ ಕೊಬ್ಬರಿ ಆ ಯಾರ್ಡಿಗೆ ಬರುವ ಮುಂಚೆ ಹತ್ತು ಹನ್ನೆರಡು ತಿಂಗಳು ಅಟ್ಟದ ಕತ್ತಲಲ್ಲಿ ಕೂತಿರುತ್ತದೆ. ಅಷ್ಟು ದಿನ ಅಲ್ಲಿ ಅದರ ಜೊತೆ ಯಾರಿರುತ್ತಾರೆ ಎಂದು ನೊಣವಿನಕೆರೆ ಕಡೆಯ ಹಿರಿಯರೊಬ್ಬರನ್ನು ಕೇಳಿದೆ. "ಇಲಿ ಇರ್ತಾವೆ ಸ್ವಾಮಿ. ಇಲಿ ಇದ್‌ಮೇಲೆ ಕ್ಯಾರೆ ಬರ್ದೆ ಇರ್ತದಾ?" ಅಂದರು, ಇದೂ ಒಂದು ಕೇಳುವ ಮಾತೇ ಎಂಬಂತೆ. ಕೊಬ್ಬರಿ ರೇಟಿನ ವಿಚಾರ ಅಲ್ಲಿಗೆ ಹಿಂದೆ ಬಿತ್ತು.

ಅಟ್ಟದ ಪರಿಚಯ ಇಲ್ಲದವರಿಗಾಗಿ ಎರಡು ಮಾತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸುತ್ತಾರೆ. ಹಳೆಯ ಹೆಂಚಿನ ಮನೆಗಳಲ್ಲಿ ಅಟ್ಟವೆಂದರೆ ತೊಲೆಗಳ ಮೇಲೆ ಬಿದಿರನ್ನೋ ಅಡಿಕೆ ದಬ್ಬೆಯನ್ನೋ ಗಾಳಿಯಾಡಲು ಸಂದು ಬಿಟ್ಟು ಹಾಸಿದ ಮೇಲಂತಸ್ತು. ಕೆಳಗೆ ದನ, ಇಲ್ಲವೇ ಅಡುಗೆ ಒಲೆ. ತಿಂಗಳುಗಟ್ಟಲೆ ಕೂತ ಕಾಯಿಯೊಳಗೆ ನೀರು ನಿಧಾನಕ್ಕೆ ಇಂಗುತ್ತದೆ, ತಿರುಳು ಚಿಪ್ಪನ್ನು ಬಿಟ್ಟು ಇಡಿಯಾಗಿ ಕಳಚಿಕೊಳ್ಳುತ್ತದೆ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಗಿಟುಕು ಗಡಗಡ ಅನ್ನಬೇಕು; ಅಲ್ಲಿಯವರೆಗೆ ಅವಸರ ಮಾಡುವಂತಿಲ್ಲ. ಆಮೇಲೆ ಸುಲಿಯುವವರು ಬರುತ್ತಾರೆ, ಚಿಪ್ಪು ಒಡೆದು ಉಂಡೆ ಬಿಡಿಸುವ ಹೆಂಗಸರು ಬರುತ್ತಾರೆ, ಕೊನೆಗೆ ವ್ಯಾಪಾರಿ. ಈಗ ಅಟ್ಟದ ಜಾಗದಲ್ಲಿ ಬಹಳ ಕಡೆ ತೋಟದಲ್ಲೇ ಪ್ರತ್ಯೇಕ ಕೊಬ್ಬರಿ ಶೆಡ್ಡು ಎದ್ದಿದೆ.

ವರ್ಷವಿಡೀ ಅಲ್ಲಾಡದ ರಾಶಿ, ಕತ್ತಲು, ನಾರಿನ ಬೆಚ್ಚಗಿನ ಸಂದು. ಇಲಿಗೆ ಇದಕ್ಕಿಂತ ಒಳ್ಳೆಯ ಬಾಣಂತಿ ಮನೆ ಎಲ್ಲಿ ಸಿಕ್ಕೀತು? ತೋಟದ ಮೇಲೂ ಅದರದೇ ರಾಜ್ಯ. ಮರದ ಸುಳಿಯಲ್ಲೇ ಸಂಸಾರ ಹೂಡಿ ಎಳೆಗಾಯಿಗೆ ತೂತು ಕೊರೆದು ನೀರು ಕುಡಿಯುತ್ತದೆ, ಬೆಳಿಗ್ಗೆ ಬುಡದಲ್ಲಿ ತೂತಾದ ಬುರುಡೆಗಳು ಬಿದ್ದಿರುತ್ತವೆ. ಕಾಂಡಕ್ಕೆ ತಗಡು ಸುತ್ತಿದರೆ ಇಲಿ ಹತ್ತಲಾರದು ಎಂದು ಕೃಷಿ ಇಲಾಖೆಯವರು ಹೇಳುತ್ತಾರೆ. ನಿಜ, ಆದರೆ ಒಂದು ಮರದ ಗರಿ ಇನ್ನೊಂದಕ್ಕೆ ತಾಗುವ ತೋಟದಲ್ಲಿ ಅದು ನೆಲಕ್ಕೇ ಇಳಿಯದೆ ಊರು ಸುತ್ತುತ್ತದೆ. ವಿಷ ಇಟ್ಟರೆ ಇಲಿಯ ಜೊತೆ ಅದನ್ನು ತಿಂದ ಗೂಬೆಯೂ ಸಾಯುತ್ತದೆ.

ಕೇರೆಹಾವು ಬರುವುದು ಇಂಥಲ್ಲಿಗೆ. ಆರೇಳು ಅಡಿ ಉದ್ದ, ವಿಷವಿಲ್ಲ, ಮರ ಹತ್ತುವುದರಲ್ಲಿ ಪಳಗಿದ ಕೈ (ಕೈ ಇಲ್ಲದಿದ್ದರೂ). ಬೆಕ್ಕು ಇಲಿಗಾಗಿ ಬಿಲದ ಬಾಯಲ್ಲಿ ಕಾಯುತ್ತದೆ; ಕೇರೆ ಕಾಯಿ ರಾಶಿಯ ಸಂದಿಯೊಳಗೇ ಇಳಿದು ಮರಿಗಳ ಸಮೇತ ಗೂಡು ಬರಿದು ಮಾಡುತ್ತದೆ. ನೊಣವಿನಕೆರೆಯ ಹಿರಿಯರ ಬಾಲ್ಯದಲ್ಲಿ ಅಟ್ಟದಲ್ಲಿ ಸರಸರ ಸದ್ದಾದರೆ ಅವರ ಅವ್ವ ತಲೆ ಎತ್ತಿಯೂ ನೋಡುತ್ತಿರಲಿಲ್ಲವಂತೆ. ಕಾಯಿ ಇಳಿಸುವ ದಿನ ಮಾತ್ರ ಒಂದು ಕೋಲಿನಿಂದ ತೊಲೆಗೆ ನಾಲ್ಕು ಏಟು ಕುಟ್ಟಿ, "ಹೋಗಪ್ಪಾ, ಆಮೇಲೆ ಬರೀವಂತೆ" ಎಂದು ಹೇಳಿ ಏಣಿ ಹಾಕುತ್ತಿದ್ದರು. ಬೈದು ಓಡಿಸುವುದಲ್ಲ, ಹೇಳಿ ಕಳಿಸುವುದು. ಮೂಲೆಯಲ್ಲಿ ಅದು ಬಿಟ್ಟುಹೋದ ಪೊರೆ ಸಿಕ್ಕರೆ ಆ ವರ್ಷದ ಕೊಬ್ಬರಿಗೆ ಇಲಿ ಕಾಟ ಕಡಿಮೆ ಎಂಬ ಲೆಕ್ಕ.

ಇಷ್ಟು ಉಪಕಾರಿಯಾದ ಪ್ರಾಣಿಯ ಮೇಲೆ ನಮ್ಮವರು ಹೊರಿಸಿರುವ ಅಪವಾದಗಳಿಗೆ ಕೊನೆಯಿಲ್ಲ. ಹಸುವಿನ ಕಾಲಿಗೆ ಸುತ್ತಿ ಹಾಲು ಕುಡಿಯುತ್ತದೆ ಎನ್ನುತ್ತಾರೆ. ಹಾವಿನ ಬಾಯಿಗೆ ಹೀರುವ ರಚನೆಯೇ ಇಲ್ಲ. ಆ ಹಲ್ಲು ತಾಗಿದರೆ ಹಸು ಸುಮ್ಮನೆ ನಿಲ್ಲುವುದೂ ಇಲ್ಲ. ನಾಗರಹಾವಿನ ಜೊತೆ ಕೂಡುತ್ತದೆ, ಆಗ ಮೇಲೆ ಬಟ್ಟೆ ಹಾಕಿದರೆ ಅದೃಷ್ಟ ಎನ್ನುತ್ತಾರೆ. ಹೆಣೆದುಕೊಂಡು ಎದ್ದು ನಿಲ್ಲುವುದು ಹೆಚ್ಚಾಗಿ ಎರಡು ಗಂಡು ಕೇರೆಗಳು. ನಡೆಯುತ್ತಿರುವುದು ಸರಸವಲ್ಲ, ಜಗಳ. ಕೊನೆಗೆ ಸಾಯುವುದೂ ಇದೇ ಹಾವು, ಯಾಕೆಂದರೆ ಹಗಲು ಹೊತ್ತು ಓಡಾಡಿ ಕಣ್ಣಿಗೆ ಬೀಳುತ್ತದೆ, ನಾಗರ ಅಂದುಕೊಂಡು ಜನ ದೊಣ್ಣೆ ಎತ್ತುತ್ತಾರೆ.

ನಿಜವಾದ ಅಪಾಯ ಕೆಳಗಿದೆ. ತಿಪಟೂರು, ತುರುವೇಕೆರೆಯ ತೋಟಗಳು ಒಣಸೀಮೆಯ ನಡುವೆ ನಾವೇ ಮಾಡಿಕೊಂಡ ತೇವದ ನೆಲ. ಹೇಮಾವತಿ ನಾಲೆ, ಬೋರ್‌ವೆಲ್, ಡ್ರಿಪ್, ಮರದ ಬುಡಕ್ಕೆ ತಂಪಿಗೆಂದು ಮುಚ್ಚಿದ ಗರಿ, ಶೆಡ್ಡಿನ ಪಕ್ಕ ನಾರಿನ ಫ್ಯಾಕ್ಟರಿ ಲಾರಿಗೆ ಕಾಯುತ್ತಿರುವ ಸಿಪ್ಪೆ ಗುಡ್ಡೆ. ಕಪ್ಪೆ, ಇಲಿ, ಹೆಗ್ಗಣ ಎಲ್ಲ ಅಲ್ಲೇ. ಚಿಕ್ಕನಾಯಕನಹಳ್ಳಿ ಕಡೆಯ ಕಲ್ಲುಗುಡ್ಡಗಳಂಥ ಒಣ ಜಾಗಕ್ಕೆ ಒಗ್ಗುವ ಗರಗಸ ಮಂಡಲ ಬೇರೆ ಇದೆ, ಚಿಕ್ಕ ಹಾವು, ಮೈ ಉಜ್ಜಿ ಕರಕರ ಸದ್ದು ಮಾಡುತ್ತದೆ.

ತೋಟದವರಿಗೆ ಹೆಚ್ಚು ಭಯ ಇರಬೇಕಾದದ್ದು ಕೊಳಕುಮಂಡಲದ ಬಗ್ಗೆ. ನಾಗರ ಎದ್ದು ನಿಂತು ಹೆಡೆ ಬಿಚ್ಚಿ ಎಚ್ಚರಿಸುತ್ತದೆ. ಮಂಡಲ ಬಿದ್ದ ಜಾಗದಲ್ಲೇ ಸುತ್ತಿಕೊಂಡು ಕೂತಿರುತ್ತದೆ, ಕುಕ್ಕರ್ ಸೀಟಿ ಬಿಟ್ಟಹಾಗೆ ಬುಸುಗುಡುತ್ತದೆ, ಅದೂ ಪ್ರತಿಸಲವೂ ಅಲ್ಲ. ಒಣಗರಿಯ ಮೇಲೆ ಅದರ ಕಂದು ಸರಪಣಿ ಬಣ್ಣ ಹಗಲಲ್ಲೇ ಕಾಣುವುದು ಕಷ್ಟ. ಮೊಟ್ಟೆ ಇಡುವುದಿಲ್ಲ, ಒಂದೇ ಸೂಲಿಗೆ ಇಪ್ಪತ್ತು ಮೂವತ್ತು ಮರಿ ಹಾಕುತ್ತದೆ, ಹುಟ್ಟಿದ ದಿನದಿಂದಲೇ ಪ್ರತಿಯೊಂದಕ್ಕೂ ವಿಷ.

ಅದು ಓಡಾಡುವುದು ರಾತ್ರಿ. ನಮ್ಮ ರೈತನನ್ನೂ ರಾತ್ರಿಯೇ ತೋಟಕ್ಕೆ ಎಳೆಯುವುದು ಕರೆಂಟು. ಪಂಪ್‌ಸೆಟ್‌ಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಎನ್ನುತ್ತದೆ ಸರ್ಕಾರ. ಪಾಳಿಯಲ್ಲಿ ಅದರ ಬಹುಪಾಲು ನಡುರಾತ್ರಿಗೆ ಬೀಳುವ ವಾರಗಳುಂಟು. ಮೋಟಾರು ಮೊಬೈಲಿನಿಂದ ಆನ್ ಆಗುತ್ತದೆ, ಸರಿ. ಆದರೆ ಈ ಸಾಲಿನಿಂದ ಆ ಸಾಲಿಗೆ ನೀರು ತಿರುಗಿಸಲು ಗೇಟ್‌ವಾಲನ್ನು ಕೈಯಲ್ಲೇ ತಿರುವಬೇಕು. ಆ ವಾಲು ಇರುವುದು ಗುಂಡಿಯಲ್ಲಿ. ಗುಂಡಿಯ ಬಾಯಿಗೆ ಒಂದು ಚಪ್ಪಡಿ, ಒಳಗೆ ಸದಾ ತೇವ, ತೇವಕ್ಕೆ ಕಪ್ಪೆ. ಒಂದು ಕೈಯಲ್ಲಿ ಮೊಬೈಲ್ ಟಾರ್ಚು, ಇನ್ನೊಂದು ಕೈ ಗುಂಡಿಯೊಳಗೆ, ಕಾಲಲ್ಲಿ ಹವಾಯಿ ಚಪ್ಪಲಿ. ಇದನ್ನು ಹಾವಿನ ತಪ್ಪು ಎನ್ನಲು ನನಗಂತೂ ಮನಸ್ಸು ಬಾರದು.

ಕಟ್ಟುಹಾವಿನ ಕಥೆ ಬೇರೆ. ಅದು ಮನೆಯೊಳಗೇ ಬಂದು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಗಾಯ ಕಾಣುವುದಿಲ್ಲ, ನೋವಿರುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುವುದು, ಉಸಿರು ಕಟ್ಟುವುದು. ಮಂಚದ ಮೇಲೆ ಮಲಗಿ ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿಕೊಂಡರೆ ಈ ಹಾವಿನ ಕಾಟ ಹೆಚ್ಚುಕಡಿಮೆ ತಪ್ಪಿದಂತೆ.

ದೇಶದ ಲೆಕ್ಕ ನೋಡಿದರೆ ಎದೆ ಝಲ್ಲೆನ್ನುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ, ವರ್ಷಕ್ಕೆ ಸರಾಸರಿ 58,000 ಎಂದು ಅಧ್ಯಯನವೊಂದು ಅಂದಾಜು ಮಾಡಿದೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ಅಲಕ್ಷಿತ ರೋಗಗಳ ಪಟ್ಟಿಗೆ ಸೇರಿಸಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಪ್ರತಿ ಕಡಿತವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಎಂದು ಅಧಿಸೂಚನೆ ಹೊರಡಿಸಿತು. ಈ ವಿಷಯದಲ್ಲಿ ನಮ್ಮ ರಾಜ್ಯವೇ ಮೊದಲು; ಹೊಗಳಬೇಕಾದದ್ದನ್ನು ಹೊಗಳೋಣ.

ಆಸ್ಪತ್ರೆಯಲ್ಲಿ ಮಂಡಲ ಕಚ್ಚಿದೆಯೇ ಎಂದು ತಿಳಿಯಲು ಮಾಡುವ ಪರೀಕ್ಷೆ ನೋಡಿದರೆ ಆಶ್ಚರ್ಯವಾಗುತ್ತದೆ. ಮೆಷಿನ್ ಏನೂ ಇಲ್ಲ. ಶುಚಿಯಾದ, ಒಣಗಿದ ಗಾಜಿನ ನಳಿಗೆಗೆ 2 ಮಿಲಿ ರಕ್ತ ಹಾಕಿ 20 ನಿಮಿಷ ಅಲ್ಲಾಡಿಸದೆ ಇಡುತ್ತಾರೆ. ಆಮೇಲೆ ಬಗ್ಗಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಆ ಹೊತ್ತಿಗೆ ಸಮಾಧಾನ, ಮತ್ತೆ ಮತ್ತೆ ನೋಡುತ್ತಿರುತ್ತಾರೆ; ನೀರಾಗಿಯೇ ಹರಿದರೆ ವಿಷ ಏರಿದೆ, ಪ್ರತಿವಿಷ ಏರಿಸಬೇಕು. ಆ ಪ್ರತಿವಿಷದ ಸೀಸೆಯ ಹಿಂದೆ ತಮಿಳುನಾಡಿನ ಇರುಳರಿದ್ದಾರೆ. ಒಂದು ಕಾಲಕ್ಕೆ ಚರ್ಮಕ್ಕಾಗಿ ಹಾವು ಹಿಡಿಯುತ್ತಿದ್ದ ಈ ಜನ 1978ರಲ್ಲಿ ಚೆನ್ನೈ ಬಳಿ ಸಹಕಾರ ಸಂಘ ಕಟ್ಟಿ, ಹಾವು ಹಿಡಿದು ವಿಷ ತೆಗೆದು ಮತ್ತೆ ಕಾಡಿಗೆ ಬಿಡತೊಡಗಿದರು. ಆ ವಿಷವನ್ನು ಕುದುರೆಗೆ ಚೂರುಚೂರೇ ಚುಚ್ಚಿ, ಅದರ ರಕ್ತದಿಂದ ಔಷಧ ತೆಗೆಯುತ್ತಾರೆ. ನಾಗರ, ಕಟ್ಟು, ಎರಡು ಮಂಡಲ, ನಾಲ್ಕಕ್ಕೂ ಒಂದೇ ಸೀಸೆ. ಆದರೆ ಒಂದೇ ಜಾತಿಯ ಹಾವಿನ ವಿಷ ಊರಿಂದೂರಿಗೆ ಬೇರೆಯಾಗುತ್ತದೆ, ಒಂದು ಕಡೆಯ ಔಷಧ ಇನ್ನೊಂದು ಕಡೆ ಅಷ್ಟಾಗಿ ನಾಟುವುದಿಲ್ಲ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುನಗರ್ ಅವರ ತಂಡ ತೋರಿಸಿದೆ. ಆ ಲೆಕ್ಕದಲ್ಲಿ ನಮ್ಮ ತೆಂಗಿನ ಸೀಮೆಯ ಮಂಡಲದ ವಿಷವನ್ನೂ ಯಾರಾದರೂ ಕೂತು ನೋಡಬೇಕು.

ಹಳಬರಿಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಜಾಗ ಬಿಡುವುದು. ತೋಟದ ಮೂಲೆಯ ಹುತ್ತಕ್ಕೆ ಗುದ್ದಲಿ ತಾಗಿಸುತ್ತಿರಲಿಲ್ಲ, ಪಂಚಮಿಗೆ ತನಿ ಎರೆದು ಚಿಗಳಿ, ತಂಬಿಟ್ಟು ಇಟ್ಟು ಬರುತ್ತಿದ್ದರು. ಹಾವು ಹಾಲು ಕುಡಿಯದು, ನಿಜ. ಆದರೆ ಆ ನೆಪದಲ್ಲಿ ಇಡೀ ಮನೆಗೆ ಹಾವಿರುವ ಜಾಗ ಯಾವುದೆಂದು ತಿಳಿದಿರುತ್ತಿತ್ತು, ಮಕ್ಕಳು ಅತ್ತ ಆಡಲು ಹೋಗುತ್ತಿರಲಿಲ್ಲ. ಈಗ ಜೆಸಿಬಿ ಒಂದು ಬೆಳಿಗ್ಗೆಯಲ್ಲಿ ಬದು, ಹುತ್ತ, ಕತ್ತಾಳೆ ಬೇಲಿ ಎಲ್ಲವನ್ನೂ ಸಪಾಟು ಮಾಡಿ ಹೋಗುತ್ತದೆ. ಒಳಗಿದ್ದದ್ದು ಎಲ್ಲಿಗೆ ಹೋಗಬೇಕು? ಸಿಪ್ಪೆ ಗುಡ್ಡೆಗೆ, ಶೆಡ್ಡಿಗೆ, ವಾಲಿನ ಗುಂಡಿಗೆ.

ಅಟ್ಟಗಳೂ ಕಮ್ಮಿಯಾಗುತ್ತಿವೆ. ವರ್ಷ ಕಾಯುವ ತಾಳ್ಮೆ ಯಾರಿಗಿದೆ? ಮದ್ದೂರಿನ ಕಡೆಗೆ ಎಳನೀರು ಲಾರಿ ಹೋಗುತ್ತದೆ, ಹಸಿಕಾಯಿಗೂ ಕೈಮೇಲೆ ಕಾಸು. ನುಸಿ, ಕಪ್ಪುತಲೆ ಹುಳು, ಬಿಳಿನೊಣ ಬಂದು ಇಳುವರಿ ಬೇರೆ ಇಳಿದಿದೆ. ನೊಣವಿನಕೆರೆಯ ಹಿರಿಯರ ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದ್ದಾರೆ, ಅಟ್ಟದ ತೊಲೆಗಳು ದನದ ಕೊಟ್ಟಿಗೆಗೆ ಹೋದವು. ಕೇರೆ ಈಗಲೂ ಬರುತ್ತದಾ ಎಂದರೆ, "ಬಂದು ಏನ್ ಮಾಡೀತು ಬುಡಿ" ಅಂದರು.

ಕುಸುಮ್ ಯೋಜನೆಯಲ್ಲಿ ಫೀಡರುಗಳಿಗೆ ಸೌರವಿದ್ಯುತ್ ಜೋಡಿಸಿ ಪಂಪ್‌ಸೆಟ್‌ಗೆ ಹಗಲೇ ಕರೆಂಟು ಕೊಡುವ ಕೆಲಸ ರಾಜ್ಯದಲ್ಲಿ ಶುರುವಾಗಿದೆ. ತೆಂಗಿನ ತಾಲ್ಲೂಕುಗಳಿಗೆ ಅದು ಬೇಗ ಬರಲಿ. ಬರುವವರೆಗೆ ತೋಟಕ್ಕೆ ಹೋಗುವವರು ಗಮ್‌ಬೂಟು ಹಾಕಿ, ದೊಡ್ಡ ಟಾರ್ಚು ಹಿಡಿದು, ವಾಲಿನ ಗುಂಡಿಗೆ ಕೈ ಹಾಕುವ ಮುಂಚೆ ಕೋಲಾಡಿಸಿ. ಕಚ್ಚಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಮಂತ್ರದವರ ಮನೆ ಹುಡುಕಬೇಡಿ. ಉಂಗುರ, ಬಳೆ ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟುಕೊಂಡು 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆ ಸೇರಿ. ಶೆಡ್ಡಿನಲ್ಲಿ ಕೇರೆ ಕಂಡರೆ ದೊಣ್ಣೆ ಕೆಳಗಿಡಿ, ಅದರ ಪಾಡಿಗೆ ಇರಲಿ.