ಫುಕುಶಿಮಾದ ಜನ ಬಿಟ್ಟುಕೊಡದ ಮಾಪಕಗಳು

ಜಪಾನಿನ ಫುಕುಶಿಮಾ ನಗರದ ಶಾಲೆಗಳ ಅಂಗಳದಲ್ಲಿ, ಉದ್ಯಾನಗಳ ಅಂಚಿನಲ್ಲಿ ಸೌರಫಲಕ ಹೊತ್ತ ಬಿಳಿ ಮಾಪಕಗಳು ನಿಂತಿವೆ. ಗಾಳಿಯಲ್ಲಿ ಗಂಟೆಗೆ ಎಷ್ಟು ಮೈಕ್ರೋಸೀವರ್ಟ್ ವಿಕಿರಣವಿದೆ ಎಂಬುದನ್ನು ಅಲ್ಲಿ ಯಾರು ಬೇಕಾದರೂ ಓದಬಹುದು. ಅಪಘಾತಕ್ಕೀಡಾದ ಅಣುಸ್ಥಾವರ ಇಲ್ಲಿಂದ ಸುಮಾರು 60 ಕಿ.ಮೀ. ದೂರ, ಊರು ಬಿಡಿ ಎಂಬ ಆದೇಶ ಈ ನಗರಕ್ಕೆ ಬರಲೇ ಇಲ್ಲ. ಹಾಗಿದ್ದೂ ಈ ಮಾಪಕಗಳಿಗೆ ಇಷ್ಟು ಬೆಲೆ ಬರಲು ಕಾರಣ, 2011ರಲ್ಲಿ ಆ ಅಪಘಾತದ ಹೊತ್ತಿಗೆ ಸರ್ಕಾರ ಕಳೆದುಕೊಂಡ ನಂಬಿಕೆ. ಆ ಮಾರ್ಚ್ 15ರಂದು ವಾಯವ್ಯಕ್ಕೆ ತಿರುಗಿದ ವಿಕಿರಣವು ಮಳೆ, ಹಿಮದೊಂದಿಗೆ ನೆಲಕ್ಕಿಳಿಯಿತು. ಅದು ಯಾವ ಕಡೆ ಹರಡೀತು ಎಂದು ಲೆಕ್ಕಹಾಕುವ ‘ಸ್ಪೀಡಿ’ ವ್ಯವಸ್ಥೆ ಸರ್ಕಾರದ ಕೈಯಲ್ಲೇ ಇತ್ತು. ಅದರ ಫಲಿತಾಂಶ ಮಾತ್ರ ಜನರಿಗೆ ಹೊತ್ತಿಗೆ ಸಿಗಲಿಲ್ಲ. ಏಪ್ರಿಲಿನಲ್ಲಿ ಶಾಲೆಗಳಿಗೆ ವರ್ಷಕ್ಕೆ 20 ಮಿಲಿಸೀವರ್ಟ್ ಆಧಾರದ ಮಿತಿ ಬಂತು. ಸಾಮಾನ್ಯ ಕಾಲದಲ್ಲಿ ಜನಸಾಮಾನ್ಯರಿಗೆ ಇರುವ ಮಿತಿ 1. ಮಕ್ಕಳಿಗೆ ಈ ಮಟ್ಟ ಒಪ್ಪತಕ್ಕದ್ದಲ್ಲ ಎಂದು ಪ್ರಧಾನಿಯ ಸಲಹೆಗಾರ ತೊಶಿಸೊ ಕೊಸಾಕೊ ರಾಜೀನಾಮೆ ಕೊಟ್ಟರು. ಹೆತ್ತವರು ಟೋಕಿಯೊಗೆ ಹೋಗಿ ಪ್ರತಿಭಟಿಸಿದ ಮೇಲೆ, ಶಾಲೆಗಳಲ್ಲಿ 1ರ ಗುರಿಗೆ ಸರ್ಕಾರ ಒಪ್ಪಿತು. ‘ಸುರಕ್ಷಿತ’ ಎಂಬ ಬರಿಯ ಮಾತು ಅಲ್ಲಿಂದಾಚೆಗೆ ಯಾರಿಗೂ ಸಾಲದಾಯಿತು.

2018ರಲ್ಲಿ ಅಣುನಿಯಂತ್ರಣ ಪ್ರಾಧಿಕಾರ ಫುಕುಶಿಮಾ ಪ್ರಾಂತ್ಯದ ಸುಮಾರು 3,000 ಮಾಪಕಗಳಲ್ಲಿ 2,400ರಷ್ಟನ್ನು ತೆಗೆಯಲು ಹೊರಟಿತು: ವಿಕಿರಣ ಇಳಿದು ಸ್ಥಿರವಾಗಿದೆ, ನಿರ್ವಹಣೆಗೆ ಹಣ ಬೇಕು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಮಾಪಕದ ಅಂಕಿ ಒಬ್ಬ ವ್ಯಕ್ತಿಯ ಮೈಗೆ ತಾಗಿದ ಪ್ರಮಾಣವಲ್ಲ ಎಂಬುದೂ ನಿಜ. ಗಂಟೆಗೆ 0.23 ಮೈಕ್ರೋಸೀವರ್ಟ್ ಎಂದರೆ ವರ್ಷಕ್ಕೆ 1 ಮಿಲಿಸೀವರ್ಟ್ ಎಂಬ ಸರ್ಕಾರಿ ಲೆಕ್ಕ, ದಿನಕ್ಕೆ ಎಂಟು ತಾಸು ಹೊರಗೆ, ಉಳಿದದ್ದು ಮರದ ಮನೆಯೊಳಗೆ ಎಂಬ ಊಹೆಯ ಮೇಲೆ ನಿಂತಿದೆ. ಜನರು ಧರಿಸಿದ ಡೋಸಿಮೀಟರುಗಳು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆಯನ್ನೇ ತೋರಿಸಿವೆ.

ಆದರೆ ಅಳತೆಯನ್ನು ಯಾವಾಗ ಸಡಿಲಿಸಬಹುದು ಎಂಬುದಕ್ಕೆ ಅದೇ ಪ್ರಾಂತ್ಯದ ಅಕ್ಕಿ ಉತ್ತರ ಕೊಡುತ್ತದೆ. 2012ರಿಂದ ಅಲ್ಲಿ ವರ್ಷಕ್ಕೆ ಸುಮಾರು ಒಂದು ಕೋಟಿ ಚೀಲ ಅಕ್ಕಿಯನ್ನು, ಒಂದೂ ಬಿಡದೆ, ಪರೀಕ್ಷಿಸಿದರು. ವಿಕಿರಣಶೀಲ ಸೀಸಿಯಂ ಅನ್ನು ಬೇರು ಹೀರದಂತೆ ಗದ್ದೆಗಳಿಗೆ ಪೊಟ್ಯಾಷ್ ಹಾಕಿದರು. ಕಿಲೋಗೆ 100 ಬೆಕೆರೆಲ್ ಮಿತಿ ಮೀರಿದ ಚೀಲಗಳು ಮೊದಲ ವರ್ಷ 71. 2015ರ ಬೆಳೆಯಿಂದ ಒಂದೂ ಇಲ್ಲ. ಐದು ಬೆಳೆಗಳ ಸೊನ್ನೆಯನ್ನು ಎಲ್ಲರೂ ಕಂಡ ಮೇಲೆಯೇ, 2020ರಲ್ಲಿ ಹೆಚ್ಚಿನ ಕಡೆ ಮಾದರಿ ಪರೀಕ್ಷೆ ಸಾಕೆಂದು ನಿರ್ಧರಿಸಿದರು. ಸ್ಥಾವರದ ವಿಷಯದಲ್ಲಿ ಅಂಥ ಘಟ್ಟ ಇನ್ನೂ ಬಂದಿಲ್ಲ. ಒಳಗಿರುವ ಕರಗಿದ ಇಂಧನ, ಅವಶೇಷ ಸೇರಿ ಸುಮಾರು 880 ಟನ್ ಎಂಬ ಅಂದಾಜಿದೆ. 2024ರ ನವೆಂಬರಿನಲ್ಲಿ ಮೊದಲ ಬಾರಿಗೆ ಹೊರತೆಗೆದ ತುಣುಕು ಒಂದು ಗ್ರಾಂ ಕೂಡ ತೂಗಲಿಲ್ಲ. ಅದನ್ನೆಲ್ಲ ತೆಗೆಯುವ ದಶಕಗಳ ಕೆಲಸ ನಡೆಯುವಾಗ ಮಾಪಕ ಕಣ್ಣೆದುರಿಗಿರಲಿ ಎಂಬ ಬೇಡಿಕೆಯನ್ನು ಭೀತಿ ಎಂದು ಕರೆಯುವುದು ಅನ್ಯಾಯ. ಮಾಪಕ ತೆಗೆಯುವ ಯೋಜನೆಯ ಬಗ್ಗೆ ನಡೆದ ಸಭೆ ಸಭೆಯಲ್ಲೂ ನಿವಾಸಿಗಳು ಇದನ್ನೇ ಕೇಳಿದರು. 2019ರ ಮೇ ತಿಂಗಳಲ್ಲಿ ಪ್ರಾಧಿಕಾರ ಯೋಜನೆಯನ್ನು ಕೈಬಿಟ್ಟು, ಮಾಪಕಗಳನ್ನು ಸದ್ಯಕ್ಕೆ ಇದ್ದಲ್ಲೇ ಉಳಿಸಲು ಒಪ್ಪಿತು.